ಮೊದಲು ಬ್ಯಾಟರಿ, ಆಮೇಲೆ ಮೆಷಿನ್

ಪುತ್ತೂರು ಪೇಟೆಯಿಂದ ಸುಳ್ಯಕ್ಕೂ ಕಾಣಿಯೂರಿಗೂ ಹೊರಡುವ ಬಸ್ಸುಗಳು ದರ್ಬೆಯಲ್ಲಿ ಜನ ಹತ್ತಿಸಿಕೊಂಡೇ ಮುಂದೆ ಹೋಗುತ್ತವೆ. ಬೆಳಿಗ್ಗೆ ಫಿಲೋಮಿನಾ ಕಾಲೇಜಿನ ಮಕ್ಕಳ ಗದ್ದಲ. ಅದು ಇಳಿದ ಮೇಲೆ ಪಂಪು, ಪೈಪು, ಮೆಷಿನ್ನುಗಳ ಕೆಲಸಕ್ಕೆಂದು ಹಳ್ಳಿಗಳಿಂದ ಬರುವ ತೋಟದವರು. ಅಲ್ಲಿಯ ಒಂದು ರಿಪೇರಿ ಅಂಗಡಿಯಲ್ಲಿ, ಮಳೆಗಾಲಕ್ಕೆ ಇನ್ನೂ ಸ್ವಲ್ಪ ಸಮಯ ಇರುವಾಗ ನಡೆದ ಮಾತು ಇದು. ಒಬ್ಬರು ಅಡಿಕೆ ತೋಟವನ್ನು ತಾವೇ ನಿಂತು ನೋಡಿಕೊಳ್ಳುವ ಕೃಷಿಕೆ, ಇನ್ನೊಬ್ಬರು ಅಂಗಡಿಯ ರಿಪೇರಿಯವರು.

ಕೃಷಿಕೆ: ಹುಲ್ಲು ಹೆರೆಯುವ ಮೆಷಿನ್ ಈ ಸಲವೂ ಸ್ಟಾರ್ಟ್ ಆಗುವುದಿಲ್ಲ ಅಣ್ಣ. ಹಗ್ಗ ಎಳೆದು ಎಳೆದು ಭುಜ ನೋವು ಬಂದದ್ದೇ ಬಂತು.

ರಿಪೇರಿಯವರು: ಟ್ಯಾಂಕಿನಲ್ಲಿ ಹಳೆ ಪೆಟ್ರೋಲು ಉಳಿದಿದೆ ಅಕ್ಕ. ಎಣ್ಣೆ ಬೆರೆಸಿದ ಪೆಟ್ರೋಲು ತಿಂಗಳುಗಟ್ಟಲೆ ನಿಂತರೆ ಕಾರ್ಬ್ಯುರೇಟರಿನ ಸಣ್ಣ ತೂತಿನಲ್ಲಿ ಅಂಟು ಕಟ್ಟುತ್ತದೆ. ತೊಳೆದು ಕೊಡುತ್ತೇನೆ, ಮೆಷಿನ್ ಹಾಳಾಗಿಲ್ಲ.

ಕೃಷಿಕೆ: ತೊಳೆದು ಕೊಡಿ. ಆದರೆ ನಾನು ಕೇಳಲಿಕ್ಕೆ ಬಂದದ್ದು ಬೇರೆ. ಮಗ ದುಬೈಯಲ್ಲಿ ಇರುವುದಲ್ವಾ, ಬರುವ ತಿಂಗಳು ಊರಿಗೆ ಬರುತ್ತಾನೆ. ಬ್ಯಾಟರಿಯ ಮೆಷಿನ್ ತರಲಾ ಅಂತ ಫೋನಿನಲ್ಲಿ ಕೇಳಿದ. ಡ್ರಿಲ್, ಗರಗಸ, ಹುಲ್ಲಿನದ್ದು ಎಲ್ಲ ಸಿಗುತ್ತದಂತೆ. ಯಾವುದು ತರಿಸಲಿ?

ರಿಪೇರಿಯವರು: ಯಾವ ಮೆಷಿನ್ ಅಂತ ಆಮೇಲೆ ನೋಡುವ. ಯಾವ ಬ್ಯಾಟರಿ ಅಂತ ಮೊದಲು ತೀರ್ಮಾನ ಆಗಬೇಕು. ವಯರ್ ಇಲ್ಲದ ಮೆಷಿನ್ನಿನಲ್ಲಿ ನಿಮ್ಮ ದುಡ್ಡಿನ ದೊಡ್ಡ ಪಾಲು ಹೋಗುವುದು ಬ್ಯಾಟರಿಗೆ ಮತ್ತು ಚಾರ್ಜರಿಗೆ. ಬಾಷ್‌ನ ಬ್ಯಾಟರಿ ಮಕಿಟಾಕ್ಕೆ ಕೂರುವುದಿಲ್ಲ, ಮಕಿಟಾದ್ದು ಡಿವಾಲ್ಟ್‌ಗೆ ಕೂರುವುದಿಲ್ಲ. ಒಂದೇ ಕಂಪನಿಯಲ್ಲಿಯೂ ಮನೆಬಳಕೆಯ ಸಾಲು ಬೇರೆ, ಕೆಲಸದವರ ಸಾಲು ಬೇರೆ ಇರುವುದುಂಟು. ಬಾಷ್‌ನಲ್ಲಿಯೇ ನೀಲಿ ಮೆಷಿನ್ನಿನ ಬ್ಯಾಟರಿ ಹಸಿರು ಮೆಷಿನ್ನಿಗೆ ಆಗುವುದಿಲ್ಲ. ಆದರೆ ಒಂದು ಸಾಲನ್ನು ಹಿಡಿದುಕೊಂಡಿರೋ, ಅದರೊಳಗೆ ಒಂದೇ ಬ್ಯಾಟರಿ ಎಲ್ಲದಕ್ಕೂ ನಡೆಯುತ್ತದೆ. ಎರಡನೆಯ ಮೆಷಿನ್ ಕೊಳ್ಳುವಾಗ ಬ್ಯಾಟರಿ, ಚಾರ್ಜರ್ ಬೇಡ, ಬರೀ ಮೆಷಿನ್ ಕೊಡಿ ಅಂತ ಕೇಳಬಹುದು.

ಕೃಷಿಕೆ: ಎಲ್ಲದಕ್ಕೂ ಅಂದರೆ?

ರಿಪೇರಿಯವರು: ಡ್ರಿಲ್, ಗ್ರೈಂಡರ್, ಸಣ್ಣ ಚೈನ್ ಗರಗಸ, ಗೆಲ್ಲು ಸವರುವ ಕತ್ತರಿ, ಅಂಗಳದ ಕಸ ಊದುವ ಬ್ಲೋವರ್, ಟಯರಿಗೆ ಗಾಳಿ ತುಂಬುವ ಪಂಪ್, ಲೈಟು, ಫ್ಯಾನು. ಬ್ಯಾಟರಿಯ ತಲೆಗೆ ಸಿಕ್ಕಿಸುವ ಸಣ್ಣ ಯುಎಸ್‌ಬಿ ಅಡಾಪ್ಟರ್ ಕೂಡ ಉಂಟು. ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಬರದಿದ್ದಾಗ ಅದರಿಂದ ಫೋನ್ ಚಾರ್ಜ್ ಮಾಡಬಹುದು. 18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿ ಅಂದರೆ 18ನ್ನು 5ರಿಂದ ಗುಣಿಸಿ, 90 ವಾಟ್-ಅವರ್. ಈಗಿನ ಒಂದು ಮೊಬೈಲನ್ನು ನಾಲ್ಕು ಸಲ ತುಂಬಿಸುವಷ್ಟು. 6 ವಾಟಿನ ಎಲ್‌ಇಡಿ ಒಂದು ಇಡೀ ರಾತ್ರಿ ಉರಿಯುತ್ತದೆ.

ಕೃಷಿಕೆ: ಅಷ್ಟೆಲ್ಲ ಸರಿ. ಆದರೆ ಅದರಲ್ಲಿ ದಮ್ಮು ಉಂಟಾ? ನಾನು ಮೊದಲು ನೋಡಿದ ಬ್ಯಾಟರಿ ಡ್ರಿಲ್ ಮರಕ್ಕೆ ನಾಲ್ಕು ಸ್ಕ್ರೂ ಹಾಕುವಷ್ಟರಲ್ಲಿ ನಿಧಾನ ಆಗುತ್ತಿತ್ತು.

ರಿಪೇರಿಯವರು: ನೀವು ನೋಡಿದ್ದು ನಿಕ್ಕಲ್-ಕ್ಯಾಡ್ಮಿಯಂ ಕಾಲದ್ದು. ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1961ರಲ್ಲಿ ಮೊದಲ ಕಾರ್ಡ್‌ಲೆಸ್ ಡ್ರಿಲ್ ತಂದಾಗ ಇದ್ದದ್ದು ಅದೇ ಬ್ಯಾಟರಿ. ಹತ್ತು ವರ್ಷದ ನಂತರ, 1971ರಲ್ಲಿ, ಅಪೊಲೊ 15ರ ಯಾತ್ರಿಗಳು ಚಂದ್ರನ ನೆಲವನ್ನು ಬ್ಯಾಟರಿ ಡ್ರಿಲ್ಲಿನಿಂದ ಕೊರೆದರು. ಚಂದ್ರನಿಗೋಸ್ಕರವೇ ಈ ಡ್ರಿಲ್ ಹುಟ್ಟಿತು ಅಂತ ಹೇಳುವವರಿದ್ದಾರೆ, ಅದು ಸರಿಯಲ್ಲ. ಅಂಗಡಿಗೆ ಬಂದದ್ದೇ ಮೊದಲು. ಆ ಹಳೆ ಬ್ಯಾಟರಿ ತೂಕ ಜಾಸ್ತಿ, ಶಕ್ತಿ ಕಡಿಮೆ, ಇಟ್ಟಲ್ಲಿಯೇ ಖಾಲಿ ಆಗುತ್ತಿತ್ತು. ಲಿಥಿಯಂ-ಅಯಾನ್ ಬ್ಯಾಟರಿಯನ್ನು 1991ರಲ್ಲಿ ಸೋನಿ ಕಂಪನಿ ಮಾರಾಟಕ್ಕೆ ತಂದಿತು. ಡ್ರಿಲ್ಲು, ಗರಗಸಗಳಿಗೆ ಅದು ಬಂದದ್ದು 2005ರ ಹೊತ್ತಿಗೆ. ಅದನ್ನು ರೂಪಿಸಿದ ಮೂವರಿಗೆ, ಗುಡಿನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ, 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನನ್ನ ಮಟ್ಟಿಗೆ ಅದು ನಮ್ಮ ತೋಟದ ಕೆಲಸಕ್ಕೂ ಸಿಕ್ಕಿದ ಪ್ರಶಸ್ತಿ. ಅದರ ಜೊತೆಗೆ ಮೋಟಾರೂ ಬದಲಾಯಿತು. ಕಾರ್ಬನ್ ಬ್ರಶ್ ಸವೆಯುವ ಮೋಟಾರಿನ ಬದಲು ಬ್ರಶ್‌ಲೆಸ್ ಮೋಟಾರು. ಉಜ್ಜುವುದಿಲ್ಲ, ಕಿಡಿ ಇಲ್ಲ, ಅಷ್ಟೇ ಬ್ಯಾಟರಿಯಲ್ಲಿ ಹೆಚ್ಚು ಕೆಲಸ.

ಕೃಷಿಕೆ: ನಿಜ ಹೇಳುವುದಾದರೆ ನನಗೆ ಬೇಕಾದದ್ದು ಶಕ್ತಿಗಿಂತ ಹೆಚ್ಚಾಗಿ ವಯರಿನಿಂದ ಬಿಡುಗಡೆ. ನಮ್ಮ ಮನೆ ಗುಡ್ಡೆಯ ಮೇಲೆ, ತೋಟ ಕೆಳಗೆ ತೋಡಿನವರೆಗೆ. ಕರೆಂಟ್ ಇರುವುದು ಮನೆಯಲ್ಲಿ ಮತ್ತು ಪಂಪ್ ಶೆಡ್ಡಿನಲ್ಲಿ. ಕೆಲಸ ಇರುವುದು ಈ ಎರಡರ ನಡುವೆ, ಇಲ್ಲದಿದ್ದರೆ ಇವೆರಡರಿಂದಲೂ ಆಚೆ. ಕಳೆದ ವರ್ಷ ಡ್ರಿಪ್‌ಗೆ ಪಿವಿಸಿ ಪೈಪಿನಲ್ಲಿ ತೂತು ಕೊರೆಯಲಿಕ್ಕೆ ಪಂಪ್ ಶೆಡ್ಡಿನಿಂದ ವಯರ್ ಎಳೆದೆವು. ಮೂರು ಕಡೆ ಜೋಡಣೆ, ಟೇಪ್ ಸುತ್ತಿದ್ದು. ಕಣಿಯಲ್ಲಿ ನೀರು. ಕೆಲಸದವನು ಬರಿಗಾಲಿನಲ್ಲಿ ನಿಂತಿದ್ದ. ಅವನು ತೂತು ಕೊರೆದು ಮುಗಿಸುವವರೆಗೆ ನಾನು ಸ್ವಿಚ್ಚಿನ ಹತ್ತಿರದಿಂದ ಕದಲಲಿಲ್ಲ.

ರಿಪೇರಿಯವರು: ಅದೇ ನೋಡಿ ದೊಡ್ಡ ಲಾಭ. ಎಲ್ಲರೂ ಅನುಕೂಲದ ಮಾತು ಆಡುತ್ತಾರೆ, ನಾನು ಜೀವದ ಮಾತು ಆಡುತ್ತೇನೆ. 230 ವೋಲ್ಟಿನ ಲೈನು ಒದ್ದೆ ನೆಲದಲ್ಲಿ ನಿಂತವನನ್ನು ಕೊಲ್ಲುತ್ತದೆ. 18 ವೋಲ್ಟಿನಿಂದ ಆ ಭಯ ಇಲ್ಲ. ಇನ್ನೊಂದು, ತೆಳು ವಯರನ್ನು ಅಷ್ಟು ದೂರ ಎಳೆದರೆ ದಾರಿಯಲ್ಲಿಯೇ ವೋಲ್ಟೇಜ್ ಇಳಿಯುತ್ತದೆ. ಮೋಟಾರು ಬಿಸಿಯಾಗುತ್ತದೆ, ಸುಟ್ಟ ವಾಸನೆ ಬಂದ ಮೇಲೆ ನನ್ನ ಮೇಜಿಗೆ ಬರುತ್ತದೆ. ಬ್ಯಾಟರಿಯ ಮೆಷಿನ್ ತೋಡಿನ ಕರೆಯಲ್ಲಿಯೂ ಮನೆಯ ಜಗಲಿಯಲ್ಲಿಯೂ ಒಂದೇ ರೀತಿ ತಿರುಗುತ್ತದೆ. ಆದರೆ ಒಂದು ಮಾತು ನೆನಪಿರಲಿ ಅಕ್ಕ: ಶಾಕ್ ಇಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ಗ್ರೈಂಡರಿನ ಚಕ್ರ ಒಡೆದರೆ ವಯರ್ ಇದ್ದದ್ದಕ್ಕೂ ಇಲ್ಲದ್ದಕ್ಕೂ ಗಾಯ ಒಂದೇ. ಬ್ಲೇಡ್ ಬದಲಾಯಿಸುವಾಗ ಬ್ಯಾಟರಿ ತೆಗೆದಿಡಲೇಬೇಕು. ಉದ್ದ ಕೋಲಿನ ಗರಗಸವನ್ನು ಕರೆಂಟಿನ ಲೈನಿನ ಹತ್ತಿರ ಎತ್ತಲೇಬಾರದು. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಯೂಮಿನಿಯಂ ಅಲ್ಲವಲ್ಲ ಅಂತ ಧೈರ್ಯ ಮಾಡುವವರಿದ್ದಾರೆ, ಕಾರ್ಬನ್ ಕೂಡ ಕರೆಂಟ್ ಹಾಯಿಸುತ್ತದೆ.

ಕೃಷಿಕೆ: ದೋಟಿಯನ್ನು ನಾನು 2023ರಲ್ಲಿ ನೆಹರುನಗರದ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಆದ ಕೃಷಿ ಯಂತ್ರ ಮೇಳದಲ್ಲಿ ಹಿಡಿದು ನೋಡಿದ್ದೆ. ಅಷ್ಟು ಉದ್ದ ಇದ್ದೂ ಎಷ್ಟು ಹಗುರ! ಈ ಮಾತು ಅಲ್ಲಿ ನನ್ನ ಕಿವಿಗೆ ಬಿದ್ದಿರಲಿಲ್ಲ. ಇರಲಿ, ಈಗ ಹುಲ್ಲಿಗೆ ಬರುವ. ಪೆಟ್ರೋಲಿನದ್ದು ಬಿಟ್ಟು ಬ್ಯಾಟರಿಯದ್ದು ತೆಗೆದುಕೊಳ್ಳಲಾ?

ರಿಪೇರಿಯವರು: ಇಡೀ ತೋಟಕ್ಕಾದರೆ ಬೇಡ.

ಕೃಷಿಕೆ: ಇಷ್ಟು ಹೊತ್ತು ಹೊಗಳಿ ಈಗ ಬೇಡ ಅಂತೀರಿ!

ರಿಪೇರಿಯವರು: ಲೆಕ್ಕ ಹಾಗೆ ಹೇಳುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9,000 ವಾಟ್-ಅವರ್ ಶಕ್ತಿ ಉಂಟು. ಸಣ್ಣ ಟು-ಸ್ಟ್ರೋಕ್ ಇಂಜಿನ್ ಅದರಲ್ಲಿ ಹೆಚ್ಚಿನ ಪಾಲನ್ನು ಹೊಗೆ, ಬಿಸಿ ಮಾಡಿ ಕಳೆದು, ಆರನೆಯ ಒಂದು ಪಾಲನ್ನು ಬ್ಲೇಡಿಗೆ ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಆದರೂ 1,500 ಆಯಿತು. ನಿಮ್ಮ ಬ್ಯಾಟರಿಯಲ್ಲಿ ಇರುವುದು 90. ಅಂದರೆ ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಹದಿನೇಳು ಹದಿನೆಂಟು ಬ್ಯಾಟರಿ. ಹುಲ್ಲು ಹೆರೆಯುವುದು ಎಡೆಬಿಡದ ಕೆಲಸ. ಮೋಟಾರು 400 ವಾಟ್ ಎಳೆದರೆ ಹದಿಮೂರು ನಿಮಿಷಕ್ಕೆ ಬ್ಯಾಟರಿ ಮುಗಿಯಿತು. ಮನೆಯ ಸುತ್ತ, ದಾರಿಯ ಬದಿ, ಬಾವಿಯ ಹತ್ತಿರ, ಅಷ್ಟಕ್ಕೆ ಬ್ಯಾಟರಿಯದ್ದು ಚೆನ್ನಾಗಿದೆ. ಎಕರೆಗಟ್ಟಲೆ ಹುಲ್ಲಿಗೆ ಈ ಪೆಟ್ರೋಲಿನದ್ದೇ ಇರಲಿ.

ಕೃಷಿಕೆ: ಹಾಗಾದರೆ ಬ್ಯಾಟರಿ ಎಲ್ಲಿ ಗೆಲ್ಲುತ್ತದೆ?

ರಿಪೇರಿಯವರು: ಬಿಟ್ಟು ಬಿಟ್ಟು ಮಾಡುವ ಕೆಲಸದಲ್ಲಿ. ಒಂದು ಕ್ಷಣ ಒತ್ತಿ, ಬಿಟ್ಟು, ಮುಂದಿನದಕ್ಕೆ ಹೋಗುವ ಕೆಲಸದಲ್ಲಿ. ಅಡಿಕೆ ಒಣಗಿಸಲಿಕ್ಕೆ ಸೋಲಾರ್ ಗೂಡು ಕಟ್ಟುತ್ತೀರಿ, ಟೆರೇಸಿಗೆ ಶೀಟ್ ಹಾಕಿಸುತ್ತೀರಿ. ಒಂದು ಸೆಲ್ಫ್ ಸ್ಕ್ರೂ ಇಳಿಯಲಿಕ್ಕೆ ಮೂರು ಸೆಕೆಂಡ್, ಅಷ್ಟು ಹೊತ್ತು 250 ವಾಟ್ ಅಂತ ಹಿಡಿದರೆ 0.2 ವಾಟ್-ಅವರ್ ಖರ್ಚು. ಅದೇ 90ರಲ್ಲಿ 400ಕ್ಕೂ ಹೆಚ್ಚು ಸ್ಕ್ರೂ. ಶೀಟಿನ ಕೆಲಸದ ಹುಡುಗರು ವಯರನ್ನು ಏಕೆ ಪೂರ್ತಿ ಬಿಟ್ಟುಬಿಟ್ಟರು ಅಂತ ಇದರಲ್ಲಿಯೇ ಗೊತ್ತಾಗುತ್ತದೆ. ಮಾಡಿನ ಮೇಲೆ ಎರಡೂ ಕೈಗೆ ಹಿಡಿತ ಬೇಕು, ಕಾಲಿಗೆ ವಯರ್ ಸಿಕ್ಕಬಾರದು. ಮಹಾಲಿಂಗೇಶ್ವರ ದೇವರ ಜಾತ್ರೆಗೆ ಗದ್ದೆಯಲ್ಲಿ ಅಂಗಡಿ ಕಟ್ಟುವವರ ಸೊಂಟದಲ್ಲಿಯೂ ಈಗ ಇದೇ ಮೆಷಿನ್.

ಕೃಷಿಕೆ: ಗೊಬ್ಬರದ ಗಿಡದ ಗೆಲ್ಲು ಕಡಿಯಲಿಕ್ಕೆ? ಕೊಕ್ಕೊ ಸವರಲಿಕ್ಕೆ? ನನಗೆ ಕೊಕ್ಕೊ ಸವರುವುದೇ ಕೈಗೆ ಕಷ್ಟ. ಸಿಕೇಚರ್ ಒತ್ತಿ ಒತ್ತಿ ಸಂಜೆಗೆ ಬೆರಳು ಮಡಚಲಿಕ್ಕೆ ಆಗುವುದಿಲ್ಲ.

ರಿಪೇರಿಯವರು: ಅದಕ್ಕೆ ಹೇಳಿ ಮಾಡಿಸಿದ್ದು. ಬ್ಯಾಟರಿಯ ಕತ್ತರಿ ಗುಂಡಿ ಒತ್ತಿದ ಕ್ಷಣ ಕತ್ತರಿಸಿ ತೆರೆದುಕೊಳ್ಳುತ್ತದೆ, ಹೆಬ್ಬೆರಳು ಗಾತ್ರದ ಗೆಲ್ಲು ಆದರೂ. ಒಂದೇ ಎಚ್ಚರ, ಗೆಲ್ಲು ಹಿಡಿದುಕೊಳ್ಳುವ ಇನ್ನೊಂದು ಕೈ ಬ್ಲೇಡಿನಿಂದ ದೂರ ಇರಬೇಕು. ಅದಕ್ಕೆ ಗೆಲ್ಲೂ ಬೆರಳೂ ಒಂದೇ. ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ 1986ರಿಂದ ಉಂಟು, ಕೊಕ್ಕೊ ನಮ್ಮ ಅಡಿಕೆಯ ಅಡಿಯಲ್ಲಿ ಇದ್ದೇ ಇದೆ. ಆದರೂ ಸವರುವವರಿಲ್ಲ ಅಂತ ಎಷ್ಟು ತೋಟಗಳಲ್ಲಿ ಗಿಡ ಮೇಲೆ ಮೇಲೆ ಹೋಗಿ ಕಾಯಿ ಕಡಿಮೆಯಾಗಿದೆ ಹೇಳಿ. ಆಳು ಸಿಗದಿದ್ದರೆ ಮನೆಯವರೇ ಮಾಡಬೇಕು. ಮನೆಯವರ ಕೈಗೆ ಆಗುವಂಥ ಮೆಷಿನ್ ಬೇಕು. ಗೊಬ್ಬರದ ಗಿಡಕ್ಕೆ ಆರು ಇಂಚಿನ ಸಣ್ಣ ಚೈನ್ ಗರಗಸ ಸಾಕು. ಅದಕ್ಕೆ ಹಗ್ಗ ಎಳೆಯಲಿಕ್ಕೆ ಇಲ್ಲ. ಒತ್ತಿದರೆ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಕೃಷಿಕೆ: ಶಬ್ದವೂ ಕಡಿಮೆ ಅಲ್ವಾ? ಪೆಟ್ರೋಲಿನ ಮೆಷಿನ್ ಹೆಗಲಿನಲ್ಲಿ ಇದ್ದರೆ ನನಗೆ ಏನೂ ಕೇಳಿಸುವುದಿಲ್ಲ. ಮೇಲಿನಿಂದ ಸೋಗೆ ಕಳಚಿ ಬೀಳುವ ಸದ್ದು ಕೇಳಿದರೆ ತೋಟದವರು ತಾನಾಗಿಯೇ ಪಕ್ಕಕ್ಕೆ ಸರಿಯುತ್ತೇವೆ. ಮೆಷಿನ್ ಶಬ್ದದಲ್ಲಿ ಆ ಸದ್ದು ಸಿಗುವುದಿಲ್ಲ. ಮನೆಯಿಂದ ಯಾರಾದರೂ ಕರೆದರೂ ತಿಳಿಯುವುದಿಲ್ಲ.

ರಿಪೇರಿಯವರು: ಅದನ್ನು ನೀವೇ ಹೇಳಬೇಕು. ಅಂಗಡಿಯಲ್ಲಿ ಕೂತವನಿಗೆ ಅದು ಹೊಳೆಯುವುದಿಲ್ಲ.

ಕೃಷಿಕೆ: ಮರ ಹತ್ತುವುದಕ್ಕೆ? ಸಜಿಪಮೂಡದ ಕೋಮಾಲೆಯ ಗಣಪತಿ ಭಟ್ಟರು ಮರ ಏರುವ ಬೈಕ್ ಮಾಡಿದರಲ್ಲ, 2019ರಲ್ಲಿ ಎಲ್ಲರ ಮೊಬೈಲಿನಲ್ಲಿಯೂ ಅದರ ವಿಡಿಯೊ ಇತ್ತು. ಅದು ಪೆಟ್ರೋಲಿನದ್ದು. ಬ್ಯಾಟರಿಯಲ್ಲಿ ಆಗಲಿಕ್ಕಿಲ್ಲ ಅಲ್ವಾ?

ರಿಪೇರಿಯವರು: ನಿಮಗೆ ಆಶ್ಚರ್ಯ ಆದೀತು. ಹುಲ್ಲು ಹೆರೆಯುವುದಕ್ಕಿಂತ ಮರ ಹತ್ತುವುದಕ್ಕೆ ಶಕ್ತಿ ಬಹಳ ಕಡಿಮೆ ಸಾಕು. ಜನ, ಮೆಷಿನ್ ಎಲ್ಲ ಸೇರಿ 100 ಕಿಲೋ, ಮರ 15 ಮೀಟರ್ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಷ್ಟನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೆ ಬೇಕಾದ್ದು 4 ವಾಟ್-ಅವರ್ ಚಿಲ್ಲರೆ. ಉಜ್ಜುವುದರಲ್ಲಿ, ಮೋಟಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು ಅಂತ 10 ಹಿಡಿಯಿರಿ. ಆಗಲೂ 90ರ ಒಂದು ಬ್ಯಾಟರಿಗೆ ಒಂಬತ್ತು ಮರ. ಇಳಿಯುವಾಗ ಖರ್ಚೇ ಇಲ್ಲ. ಕಷ್ಟ ಇರುವುದು ರಭಸದಲ್ಲಿ. ಅರ್ಧ ನಿಮಿಷದಲ್ಲಿ ಹತ್ತಬೇಕಾದರೆ ಒಂದೇ ಸಲಕ್ಕೆ ಸಾವಿರದ ಇನ್ನೂರು ವಾಟಿನ ಹತ್ತಿರ ಎಳೆಯುತ್ತದೆ. 18 ವೋಲ್ಟಿನ ಒಂದು ಬ್ಯಾಟರಿ ಅದಕ್ಕೆ ಬಿಸಿಯಾಗಿ ಬಳಲುತ್ತದೆ. ಎರಡನ್ನು ಸಾಲಾಗಿ ಸೇರಿಸಿ 36 ವೋಲ್ಟ್ ಮಾಡಿದರೆ ತಡೆದೀತು. ನಮ್ಮ ಊರಿನ ಇಂಜಿನಿಯರಿಂಗ್ ಹುಡುಗರು ಕೈ ಹಾಕಬೇಕಾದ ಕೆಲಸ ಅದು. ಬ್ರೇಕಿನ ಭರವಸೆ ಮಾತ್ರ ಮೊದಲು ಬೇಕು, ಮೇಲೆ ಇರುವುದು ಮನುಷ್ಯ.

ಕೃಷಿಕೆ: ಕೊಳೆರೋಗಕ್ಕೆ ಮದ್ದು ಬಿಡುವುದಕ್ಕೆ? ನಮ್ಮಲ್ಲಿ ಬೆನ್ನಿಗೆ ಹಾಕುವ ಬ್ಯಾಟರಿ ಪಂಪ್ ಉಂಟು, 16 ಲೀಟರಿನದ್ದು. ಬಾಳೆಗೆ, ಕರಿಮೆಣಸಿನ ಬುಡಕ್ಕೆ, ಅಡಿಕೆ ಸಸಿಗೆ ಸಾಕು. ದೊಡ್ಡ ಮರಕ್ಕೆ ಎಟಕುವುದಿಲ್ಲ.

ರಿಪೇರಿಯವರು: ಎಟಕಲಿಕ್ಕೆ ಸಾಧ್ಯವಿಲ್ಲ. ಅದರಲ್ಲಿರುವುದು ಸಣ್ಣ ಪೊರೆಯ ಪಂಪು. ನೆಲದಲ್ಲಿ ನಿಂತು ಮರದ ಕೊನೆಗೆ ಬೋರ್ಡೊ ತಲುಪಿಸಬೇಕಾದರೆ ಎಚ್‌ಟಿಪಿ ಪಂಪಿನ ಒತ್ತಡವೇ ಬೇಕು, ಇಂಜಿನ್ ಬೇಕು. ಮತ್ತೆ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಮಾಡುವ ಆ ಮದ್ದು ಕಬ್ಬಿಣವನ್ನು ತಿನ್ನುತ್ತದೆ, ಸುಣ್ಣದ ಚರಟ ವಾಲ್ವಿನಲ್ಲಿ ಕೂರುತ್ತದೆ. ಕೆಲಸ ಮುಗಿದ ಕೂಡಲೇ ಒಳ್ಳೆ ನೀರು ಹಾಯಿಸಿ ತೊಳೆಯಬೇಕು. ನಿಮ್ಮ ಬೆನ್ನಿನ ಪಂಪಿನ ಬ್ಯಾಟರಿ ಯಾವುದು? ಸೀಸದ್ದಾ?

ಕೃಷಿಕೆ: ಭಾರ ಉಂಟು. ಮೇಲೆ 12 ವೋಲ್ಟ್, 8 ಆಂಪಿಯರ್ ಅಂತ ಬರೆದಿದೆ. ಮಳೆಗಾಲ ಮುಗಿದ ಮೇಲೆ ಅಟ್ಟದಲ್ಲಿ ಇಟ್ಟದ್ದು, ಹಾಗೇ ಇದೆ.

ರಿಪೇರಿಯವರು: ಅದು ಸೀಸ-ಆಸಿಡಿನದ್ದೇ. ಅದನ್ನು ಖಾಲಿ ಇಟ್ಟರೆ ಸತ್ತಿತು. ಒಳಗಿನ ಫಲಕಕ್ಕೆ ಗಟ್ಟಿ ಪದರ ಕಟ್ಟಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ತುಂಬಿಸಿ ಇಡಬೇಕು, ಕೆಲಸ ಇಲ್ಲದಿದ್ದರೂ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಬೇಕು. ಲಿಥಿಯಂ ಹಾಗಲ್ಲ. ಅದನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿ ಮಾಡಿಯೂ ಇಡಬಾರದು. ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಇರಲಿ, ಮೆಷಿನ್ನಿನಿಂದ ಬಿಡಿಸಿ ಇಡಿ. ಹಳೆ ನಿಕ್ಕಲ್ ಕಾಲದವರು ಪೂರ್ತಿ ಮುಗಿಸಿಯೇ ಚಾರ್ಜ್ ಮಾಡಬೇಕು ಅಂತ ಹೇಳಿಕೊಟ್ಟಿದ್ದಾರೆ. ಆ ಅಭ್ಯಾಸವನ್ನು ಲಿಥಿಯಂಗೆ ತಂದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಮೆಷಿನ್ ನಿಧಾನ ಆಯಿತು ಅಂದ ಕೂಡಲೇ ತೆಗೆಯಿರಿ, ತಣ್ಣಗಾಗಲಿಕ್ಕೆ ಬಿಡಿ, ಆಮೇಲೆ ಚಾರ್ಜಿಗೆ ಹಾಕಿ. ಬಿಸಿಯಲ್ಲಿ ಚಾರ್ಜ್ ಮಾಡುವುದು, ಬಿಸಿಲಿನಲ್ಲಿ ನಿಂತ ಜೀಪಿನೊಳಗೆ ಬಿಟ್ಟು ಬರುವುದು, ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು, ಮೂರೂ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆಗೂ ಬೂಸು ಬರುತ್ತದೆ; ಬ್ಯಾಟರಿಯ ತಾಮ್ರದ ಪಟ್ಟಿಗೆ ಕಿಲುಬು ಬಾರದೆ ಇರುತ್ತದಾ? ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ, ಒಣ ಜಾಗದಲ್ಲಿ ಇಡಿ.

ಕೃಷಿಕೆ: ಕರೆಂಟ್ ಖರ್ಚು?

ರಿಪೇರಿಯವರು: ಲೆಕ್ಕಕ್ಕೇ ಬರುವುದಿಲ್ಲ. ಒಂದು ಯೂನಿಟಿನಲ್ಲಿ 90ರ ಬ್ಯಾಟರಿಯನ್ನು ಒಂಬತ್ತು ಸಲ ತುಂಬಬಹುದು. ಮನೆಯ ಇನ್ವರ್ಟರಿನಿಂದಲೂ ಚಾರ್ಜ್ ಆಗುತ್ತದೆ. ಖರ್ಚು ಬರುವುದು ಬ್ಯಾಟರಿ ಮುದಿಯಾದಾಗ. ಕೆಲವು ನೂರು ಸಲ ತುಂಬಿ ಖಾಲಿ ಮಾಡಿದ ಮೇಲೆ ಅದರ ಹಿಡಿತ ಇಳಿಯುತ್ತದೆ. ಅದಕ್ಕೇ ಹೇಳಿದ್ದು, ಕೊಳ್ಳುವಾಗ ಅದೇ ಬ್ಯಾಟರಿ ಐದು ವರ್ಷದ ಮೇಲೂ ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಸಿಗುತ್ತದಾ ಅಂತ ನೋಡಬೇಕು. ಹೆಸರಿಲ್ಲದ ಕಂಪನಿಯ ಒಳ್ಳೆ ಮೆಷಿನ್ ಇದ್ದರೂ, ಬ್ಯಾಟರಿ ಸಿಗದಿದ್ದರೆ ಅದು ಗುಜರಿ.

ಕೃಷಿಕೆ: ಅಗ್ಗದ್ದು ಆನ್‌ಲೈನಿನಲ್ಲಿ ನೋಡಿದೆ ಅಣ್ಣ. 88 ವೋಲ್ಟ್, 128 ವೋಲ್ಟ್ ಅಂತೆಲ್ಲ ಬರೆದಿರುತ್ತದೆ. ಕಂಪನಿಯದ್ದಕ್ಕೆ 18 ಮಾತ್ರ. ಹಾಗಾದರೆ ಅದು ಏಳು ಪಟ್ಟು ಜೋರಾ?

ರಿಪೇರಿಯವರು: ಇದನ್ನು ನಾನು ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತೇನೆ. ಇಲ್ಲಿ ನೋಡಿ, ಇದು 18650 ಸೆಲ್. 18 ಮಿಲಿಮೀಟರ್ ದಪ್ಪ, 65 ಉದ್ದ. ಇಂಥದ್ದು ಒಂದರಲ್ಲಿ 3.6 ವೋಲ್ಟ್. ಐದನ್ನು ಸಾಲಾಗಿ ಜೋಡಿಸಿದರೆ 18. ಪೂರ್ತಿ ಚಾರ್ಜ್ ಆದಾಗ ಒಂದೊಂದರಲ್ಲಿ 4.2, ಅಂದರೆ 21. ಹಾಗಾಗಿ 18, 20, 21 ಅಂತ ಮೂರು ಕಂಪನಿ ಮೂರು ಬಗೆಯಲ್ಲಿ ಬರೆದರೂ ಒಳಗಿರುವುದು ಅದೇ ಐದರ ಸಾಲು. 128 ವೋಲ್ಟ್ ಬೇಕಾದರೆ ಮೂವತ್ತಾರು ಸೆಲ್ ಸಾಲಾಗಿ ಬೇಕು. ಅಂಗೈಯಲ್ಲಿ ಹಿಡಿಯುವ ಆ ಡಬ್ಬಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ನಾನು ಬಿಚ್ಚಿದ ಅಂಥ ಡಬ್ಬಿಗಳಲ್ಲಿ ಇದ್ದದ್ದು ಐದು, ಹೆಚ್ಚೆಂದರೆ ಹತ್ತು. ಅದು ಸುಳ್ಳು ಬರಹ. ಬಡ ಕೆಲಸದವನು ಆ ಅಂಕಿ ನಂಬಿ ದುಡ್ಡು ಕೊಡುತ್ತಾನೆ ಅನ್ನುವುದು ನನಗೆ ಸಹಿಸಲಿಕ್ಕೆ ಆಗುವುದಿಲ್ಲ.

ಕೃಷಿಕೆ: ಬಿಚ್ಚದೆ ತಿಳಿಯಲಿಕ್ಕೆ ದಾರಿ?

ರಿಪೇರಿಯವರು: ತಕ್ಕಡಿ. ಈ ಒಂದು ಸೆಲ್ಲಿನ ತೂಕ 45 ಗ್ರಾಂ ಹತ್ತಿರ. ಈ ಸೆಲ್ಲಿನದ್ದೇ 5 ಆಂಪಿಯರ್-ಅವರ್ ಬ್ಯಾಟರಿ ಆದರೆ ಐದರ ಎರಡು ಸಾಲು, ಹತ್ತು ಸೆಲ್ ಇರಬೇಕು. ಸೆಲ್ಲಿನದ್ದೇ 450 ಗ್ರಾಂ ಆಯಿತು. ಡಬ್ಬಿ, ಪಟ್ಟಿ, ಬೋರ್ಡು ಸೇರಿ 600 ದಾಟಬೇಕು. ಅಂಗಡಿಯ ತಕ್ಕಡಿಯಲ್ಲಿ 350 ತೋರಿಸಿದರೆ ಒಳಗೆ ಐದೇ ಸೆಲ್, ಮೇಲೆ ಏನು ಬರೆದಿದ್ದರೂ.

ಕೃಷಿಕೆ: ಮಗ ತರುವುದಾದರೆ ವಿಮಾನದಲ್ಲಿ ಬಿಡುತ್ತಾರಾ?

ರಿಪೇರಿಯವರು: 100 ವಾಟ್-ಅವರ್‌ವರೆಗೆ ತೊಂದರೆ ಇಲ್ಲ, 90ರದ್ದು ಅದರೊಳಗೆ ಬಂತು. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಕೇಳಬೇಕು. ಬಿಡಿ ಬ್ಯಾಟರಿ ಕೈಚೀಲದಲ್ಲಿಯೇ ಇರಬೇಕು, ಲಗೇಜಿಗೆ ಹಾಕಬಾರದು. ಪಟ್ಟಿಗಳಿಗೆ ಟೇಪ್ ಹಚ್ಚಿರಬೇಕು. ಮೆಷಿನ್ ಮಾತ್ರ ಲಗೇಜಿನಲ್ಲಿ, ಅದನ್ನು ಕೈಚೀಲದಲ್ಲಿ ಬಿಡುವುದಿಲ್ಲ. ದುಬೈಯ ಚಾರ್ಜರ್ ನಮ್ಮ ಕರೆಂಟಿಗೆ ನಡೆಯುತ್ತದೆ, ಪಿನ್ ಮಾತ್ರ ಚಪ್ಪಟೆ, ಬದಲಾಯಿಸಿದರಾಯಿತು. ಅಮೆರಿಕದಿಂದ ತರುವವರು ಚಾರ್ಜರಿನ ಹಿಂದೆ ಓದಬೇಕು. 120 ವೋಲ್ಟ್ ಅಂತ ಮಾತ್ರ ಇದ್ದರೆ ಇಲ್ಲಿ ಸಿಕ್ಕಿಸಿದ ಕೂಡಲೇ ಸುಡುತ್ತದೆ. ಮತ್ತೆ, ಅಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಿಗುತ್ತದಾ ಅಂತ ಬಿಲ್ ಮಾಡುವ ಮೊದಲು ಕೇಳಲಿ. ಇಲ್ಲವಾದರೆ ಇಲ್ಲಿಯೇ ಕೊಳ್ಳುವುದು ಒಳ್ಳೆಯದು.

ಕೃಷಿಕೆ: ನನ್ನ ತಲೆಯಲ್ಲಿ ಬೇರೆ ಒಂದು ಯೋಚನೆ ಓಡುತ್ತಿದೆ. ನಮ್ಮ ಬೈಲಿನಲ್ಲಿ ಧರ್ಮಸ್ಥಳ ಯೋಜನೆಯ ಪ್ರಗತಿಬಂಧು ಗುಂಪು ಉಂಟು. ವಾರಕ್ಕೊಂದು ದಿನ ಒಬ್ಬರ ತೋಟದಲ್ಲಿ ಎಲ್ಲರೂ ಸೇರಿ ದುಡಿಯುತ್ತಾರೆ, ಮುಂದಿನ ವಾರ ಇನ್ನೊಬ್ಬರಲ್ಲಿ. ಅವರೆಲ್ಲ ಒಂದೇ ಬ್ಯಾಟರಿಯ ಮೆಷಿನ್ ತೆಗೆದುಕೊಂಡರೆ?

ರಿಪೇರಿಯವರು: ನಾನು ಎಷ್ಟೋ ಜನರಿಗೆ ಹೇಳಬೇಕು ಅಂದುಕೊಂಡದ್ದನ್ನು ನೀವೇ ಹೇಳಿದಿರಿ ಅಕ್ಕ! ಒಬ್ಬರಲ್ಲಿ ಚೈನ್ ಗರಗಸ, ಒಬ್ಬರಲ್ಲಿ ಡ್ರಿಲ್, ಒಬ್ಬರಲ್ಲಿ ಕೊಕ್ಕೊ ಕತ್ತರಿ, ಒಬ್ಬರಲ್ಲಿ ಬ್ಲೋವರ್. ಮನೆಗೆ ಒಂದೋ ಎರಡೋ ಬ್ಯಾಟರಿ. ಕೆಲಸದ ದಿನ ಎಲ್ಲರೂ ತಮ್ಮ ಬ್ಯಾಟರಿ ತುಂಬಿಸಿ ತಂದರೆ ಎಂಟು ಹತ್ತು ಆಯಿತು. ಒಬ್ಬನಿಗೆ ಹುಲ್ಲಿಗೆ ಸಾಲದ ಬ್ಯಾಟರಿ ಗುಂಪಿಗೆ ಸಾಲುತ್ತದೆ. ಬಾಡಿಗೆಗೆ ಮೆಷಿನ್ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ದೊಡ್ಡ ಕೆಲಸಕ್ಕೆ ಇವೆ, ಟಿಲ್ಲರಿಗೆ, ಟ್ರಾಕ್ಟರಿಗೆ. ಮೂರು ಗೆಲ್ಲು ಕಡಿಯಲಿಕ್ಕೆ ಯಾರೂ ಅಷ್ಟು ದೂರ ಹೋಗುವುದಿಲ್ಲ. ಪಕ್ಕದ ಮನೆಗೆ ಹೋಗುತ್ತಾರೆ. ಈಗ ಆಗುತ್ತಿರುವುದು ಏನು? ಒಂದೇ ಬೈಲಿನಲ್ಲಿ ಐದು ಮನೆ, ಐದು ಕಂಪನಿ, ಐದು ಚಾರ್ಜರ್, ಒಬ್ಬರದ್ದು ಇನ್ನೊಬ್ಬರಿಗೆ ಆಗದು. ಮೆಷಿನ್ ಮಾತ್ರ ಎಲ್ಲರಲ್ಲಿಯೂ ಉಂಟು.

ಕೃಷಿಕೆ: ಬ್ಯಾಟರಿ ಯಾರದ್ದು ಅಂತ ಜಗಳ ಆಗದ ಹಾಗೆ ಹೆಸರು ಬರೆಯಬೇಕು. ಕೊಂಡ ತಿಂಗಳೂ ಬರೆದರೆ ಯಾವುದು ಎಷ್ಟು ಬಾಳಿತು ಅಂತಲೂ ತಿಳಿಯುತ್ತದೆ.

ರಿಪೇರಿಯವರು: ಬರೆದಿಡಿ. ಯಾವ ಕೆಲಸಕ್ಕೆ ಎಷ್ಟು ನಿಮಿಷ ಬಂತು, ಮಳೆಗಾಲದಲ್ಲಿ ಏನಾಯಿತು, ಎಲ್ಲ. ಕಂಪನಿಯವರ ಪುಸ್ತಕದಲ್ಲಿ ಇರುವುದು ಬೇರೆ ದೇಶದ ಹವೆಯ ಲೆಕ್ಕ. ಪುತ್ತೂರಿನಿಂದಲೇ 1988ರಿಂದ ಅಡಿಕೆ ಪತ್ರಿಕೆ ಬರುತ್ತಿದೆ, ಕೃಷಿಕರೇ ಬರೆಯುವುದು. ವರ್ಷ ಕಳೆದ ಮೇಲೆ ನಿಮ್ಮ ಗುಂಪಿನ ಲೆಕ್ಕವನ್ನು ಅವರಿಗೆ ಕಳಿಸಿ. ಕಡಬದವರಿಗೂ ವಿಟ್ಲದವರಿಗೂ ಉಪಯೋಗ ಆದೀತು.

ಕೃಷಿಕೆ: ಬೆಂಕಿ ಹಿಡಿಯುತ್ತದೆ ಅಂತ ಹೆದರುವವರೂ ಇದ್ದಾರೆ. ನಮ್ಮ ಮನೆಯಲ್ಲಿ ಅಡಿಕೆ ಗೋಣಿ, ಸಿಪ್ಪೆ, ತೆಂಗಿನ ಚೊಪ್ಪು ಎಲ್ಲ ಒಂದೇ ಕೊಟ್ಟಿಗೆಯಲ್ಲಿ.

ರಿಪೇರಿಯವರು: ಹೆದರಿಕೆ ಸುಳ್ಳಲ್ಲ. ಒಳ್ಳೆ ಬ್ಯಾಟರಿಯೊಳಗೆ ಕಾವಲು ಬೋರ್ಡು ಇರುತ್ತದೆ; ಹೆಚ್ಚು ತುಂಬದ ಹಾಗೆ, ಹೆಚ್ಚು ಖಾಲಿಯಾಗದ ಹಾಗೆ, ಬಿಸಿ ಏರದ ಹಾಗೆ ನೋಡಿಕೊಳ್ಳುತ್ತದೆ. ಅಗ್ಗದ್ದರಲ್ಲಿ ಮೊದಲು ಉಳಿಸುವುದೇ ಅದನ್ನು. ಆ ಕೊಟ್ಟಿಗೆಯಲ್ಲಿ ಚಾರ್ಜ್ ಮಾಡಬೇಡಿ. ಜಗಲಿಯಲ್ಲಿ, ಸಿಮೆಂಟ್ ನೆಲದ ಮೇಲೆ, ಮನೆಯವರು ಎದ್ದಿರುವಾಗ ಮಾಡಿ. ಎತ್ತರದಿಂದ ಬಿದ್ದದ್ದು, ನೀರು ಹೊಕ್ಕದ್ದು, ಉಬ್ಬಿದ್ದು ಕಂಡರೆ ಚಾರ್ಜಿಗೆ ಹಾಕದೆ ಹೊರಗೆ ಇಟ್ಟು ನನಗೆ ಫೋನ್ ಮಾಡಿ. ಸೆಲ್ ಬದಲಾಯಿಸುವುದಾದರೂ ಮನೆಯಲ್ಲಿ ಸೋಲ್ಡರ್ ಹಿಡಿದು ಕೂರಬಾರದು; ಬಿಸಿ ತಾಗಿದರೆ ಸೆಲ್ಲಿನ ಒಳಪದರ ಕರಗುತ್ತದೆ. ಸ್ಪಾಟ್ ವೆಲ್ಡಿಂಗ್ ಬೇಕು, ಐದೂ ಒಂದೇ ಜಾತಿಯ, ಒಂದೇ ವಯಸ್ಸಿನ ಸೆಲ್ ಬೇಕು.

ಕೃಷಿಕೆ: ಪೂರ್ತಿ ಸತ್ತದ್ದನ್ನು?

ರಿಪೇರಿಯವರು: ತೋಟಕ್ಕೆ ಬಿಸಾಡಬೇಡಿ, ಪ್ಲಾಸ್ಟಿಕಿನ ಜೊತೆ ಸುಡಲೇಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ತಂದಿದೆ. ಮಾರಿದ ಕಂಪನಿಯೇ ಹಳೆಯದನ್ನು ಹಿಂದೆ ಪಡೆದು ಮರುಬಳಕೆಗೆ ಕಳಿಸುವ ಹೊಣೆ ಹೊರಬೇಕು. ಸೀಸದ ಬ್ಯಾಟರಿಗೆ ತೂಕದ ಬೆಲೆ ಸಿಗುತ್ತದೆ, ಅದಕ್ಕೇ ಅದು ತಾನಾಗಿ ಅಂಗಡಿಗೆ ವಾಪಸ್ ಬರುತ್ತದೆ. ಲಿಥಿಯಂನದ್ದಕ್ಕೆ ಇಲ್ಲಿ ಇನ್ನೂ ಆ ರೂಢಿ ಬಂದಿಲ್ಲ. ಆಗುವವರೆಗೆ ನನ್ನಲ್ಲಿ ತಂದು ಕೊಡಿ. ಮರಳು ಹಾಕಿದ ಡಬ್ಬಿ ಇಟ್ಟಿದ್ದೇನೆ, ತುಂಬಿದಾಗ ಕಂಪನಿಯ ಸರ್ವಿಸಿನವರಿಗೆ ಒಪ್ಪಿಸುತ್ತೇನೆ.

ಕೃಷಿಕೆ: ಸರಿ. ಹಾಗಾದರೆ ಮಗನಿಗೆ ಎಂಥ ಹೇಳಲಿ?

ರಿಪೇರಿಯವರು: ಈಗ ಏನೂ ತರಬೇಡ ಅಂತ ಹೇಳಿ. ಗುಂಪಿನವರನ್ನು ಕೂರಿಸಿ ಯಾರ ಮನೆಯಲ್ಲಿ ಈಗಾಗಲೇ ಯಾವ ಬ್ಯಾಟರಿ ಉಂಟು ಅಂತ ಪಟ್ಟಿ ಮಾಡಿ. ಹೆಚ್ಚಿನವರಲ್ಲಿ ಇರುವ, ಪುತ್ತೂರಿನಲ್ಲಿ ಸಿಗುವ ಸಾಲನ್ನು ಹಿಡಿಯಿರಿ. ಆಮೇಲೆ ಆ ಸಾಲಿನ ಚೈನ್ ಗರಗಸ ಒಂದು, ಕೊಕ್ಕೊ ಕತ್ತರಿ ಒಂದು, 5 ಆಂಪಿಯರಿನ ಬ್ಯಾಟರಿ ಎರಡು. ನಿಮ್ಮ ಮನೆಗೆ ಅಷ್ಟು ಸಾಕು.

ಕೃಷಿಕೆ: ಭಾನುವಾರ ಕೂರಿಸುತ್ತೇನೆ. ಸೋಮವಾರ ಈ ಹುಲ್ಲಿನ ಮೆಷಿನ್ ಕೊಂಡುಹೋಗಲಿಕ್ಕೆ ಬರುವಾಗ ಪಟ್ಟಿಯೂ ತರುತ್ತೇನೆ.

ರಿಪೇರಿಯವರು: ಬೆನ್ನಿನ ಪಂಪಿನ ಬ್ಯಾಟರಿಯನ್ನೂ ತನ್ನಿ. ಮೀಟರಿನಲ್ಲಿ 12ರ ಮೇಲೆ ನಿಂತರೆ ಉಳಿಸಬಹುದು, 10ಕ್ಕಿಂತ ಕೆಳಗೆ ಹೋಗಿದ್ದರೆ ಜೂನ್ ಬರುವ ಮೊದಲೇ ಬೇರೆ ಹಾಕುವ.